ಗೆರೆಯಿಲ್ಲದ ಅಳಿಲುಗಳು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆ, ಕಾಡಿನ ಅಂಚಿನಲ್ಲಿ ಸಿರಿಗಂಧವೆಂಬ ರಾಜ್ಯವಿತ್ತು. ಅಲ್ಲಿ ಸತ್ತವರ ದನಿ ಮಣ್ಣಾಗುತ್ತಿರಲಿಲ್ಲ. ಮನೆಯವರು ಹಿತ್ತಲಲ್ಲಿ ಕಾಳಿನ ತಟ್ಟೆ ತೂಗುಹಾಕುತ್ತಿದ್ದರು; ಅದನ್ನು ತಿನ್ನುವ ಹಕ್ಕಿಯ ಕೊರಳಲ್ಲಿ ಆ ದನಿ ಉಳಿಯುತ್ತಿತ್ತು. ಕಾಳಿಗೆ ಉಪ್ಪುಖಾರ ಸೋಕಿಸಬಾರದೆಂಬ ಕಟ್ಟಳೆಯಿತ್ತು. ಅದನ್ನು ಮಾಡಿದವರು ಯಾರೋ, ಕಟ್ಟಳೆ ಅಂದಮೇಲೆ ಕೇಳುವವರು ಯಾರು?

ನೂಲು ತೆಗೆಯುವ ಹೊನ್ನಿಯ ಹಿತ್ತಲಿಗೆ ಒಂದು ಗುಬ್ಬಿ ಬರುತ್ತಿತ್ತು. ಬೆಳಗಾದರೆ ತೀರಿಹೋದ ಅವ್ವನ ದನಿಯಲ್ಲಿ "ಎದ್ದೆಯೇನೇ?" ಅನ್ನುತ್ತಿತ್ತು. ಒಂಟಿ ಹುಡುಗಿಗೆ ಆ ಒಂದು ಮಾತೇ ಬಳಗ.

ಒಂದು ದಿನ ಕಾಡಿನಿಂದ ಅಳಿಲುಗಳು ಬಂದವು. ಅವುಗಳ ಬೆನ್ನ ಮೇಲೆ ಗೆರೆಗಳಿರಲಿಲ್ಲ. ಊರಿನ ತಟ್ಟೆಗಳನ್ನೆಲ್ಲ ಬರಿದು ಮಾಡಿ, ಹೋಗುವಾಗ ಮನುಷ್ಯರ ಹಾಗೆ ನಕ್ಕವು. ಹಸಿದ ಹಕ್ಕಿಗಳು ಮೂಕವಾದವು, ಅವುಗಳ ದನಿ ಅಳಿಲುಗಳ ಬಾಯಿಗೆ ಸೇರಿತು. ಸತ್ತ ಗಂಡನ ದನಿಯಲ್ಲಿ, ಸತ್ತ ಮಗುವಿನ ದನಿಯಲ್ಲಿ ಅವು ಬಾಗಿಲಾಚೆ ನಿಂತು ಕರೆಯುತ್ತಿದ್ದವು. ಓಗೊಟ್ಟು ಹೊರಗೆ ಹೋದವರು ಮನೆಗೆ ಬರಲಿಲ್ಲ. ಮರುದಿನ ಅಳಿಲುಗಳು ಹೆಚ್ಚಾಗಿರುತ್ತಿದ್ದವು. ಇದು ಕಾಡಿನ ಪೊಟರೆಯಲ್ಲಿದ್ದ ಮಾಂತ್ರಿಕ ಧೂಮಕೇಶನ ಕೆಲಸವೆಂದು ಎಲ್ಲರಿಗೂ ಗೊತ್ತಿತ್ತು, ಎದುರು ನಿಲ್ಲುವ ಎದೆ ಯಾರಿಗೂ ಇರಲಿಲ್ಲ.

ಗುಬ್ಬಿಯ ದನಿ ದಿನದಿನಕ್ಕೆ ಸಣ್ಣಗಾಯಿತು. ಹೊನ್ನಿ ತಟ್ಟೆಯ ಕಂಬಕ್ಕೆ ಹರಳೆಣ್ಣೆ ಬಳಿದಳು. ಅಳಿಲುಗಳು ಒಂದರ ಮೇಲೊಂದು ನಿಂತು ಏಣಿಯಾದವು. ತಟ್ಟೆಯನ್ನು ತುದಿಕೊಂಬೆಗೆ ನೂಲಿನಿಂದ ಕಟ್ಟಿ, ಮೇಲೆ ಮಡಕೆ ಬೋರಲು ಹಾಕಿದಳು. ಅವು ಗಾಳಿಯಲ್ಲಿ ನಡೆದು ಬಂದವು. ಮರುದಿನ ಗುಬ್ಬಿ ಕೊಕ್ಕು ತೆರೆಯಿತು, ಮಾತು ಹೊರಡಲಿಲ್ಲ. ಹೊನ್ನಿ ಒಲೆಯ ಮುಂದೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಆಗ ಹಿತ್ತಲ ಬಾಗಿಲಾಚೆ ಅವ್ವನ ದನಿ ಕೇಳಿಸಿತು. "ಹೊನ್ನೀ, ಬಾಗಿಲು ತೆಗಿಯೇ. ಹಸಿವು ಕಣೇ."

ಗೊತ್ತಿದ್ದೂ ಹೊನ್ನಿ ಎದ್ದಳು. ಅವ್ವನ ದನಿ ಕರೆದರೆ ಯಾರು ತಾನೇ ಕೂತಾರು? ಅವಳ ಕೈ ಅಗುಳಿಯನ್ನು ಮುಟ್ಟಿತು.

"ಖಾರ ಮಾತ್ರ ಹಾಕಬೇಡ, ನನಗೆ ಆಗಲ್ಲ."

ಕೈ ಅಲ್ಲೇ ನಿಂತಿತು. ಅವಳ ಅವ್ವ ಹಸಿಮೆಣಸಿನಕಾಯಿ ಕಚ್ಚಿಕೊಳ್ಳದೆ ತುತ್ತು ಇಳಿಸಿದವಳಲ್ಲ. ಜ್ವರದ ಗಂಜಿಗೂ ಖಾರ ಕೇಳಿದವಳು. ಖಾರ ಸೋಕಿಸಬಾರದೆಂಬ ಕಟ್ಟಳೆ ಮಾಡಿದವನು ಧೂಮಕೇಶನೇ ಎಂದು ಹೊನ್ನಿಗೆ ಹೊಳೆಯಿತು.

"ಇರವ್ವಾ, ತರ್ತೀನಿ," ಅಂದಳು.

ಮನೆಯಲ್ಲಿದ್ದ ಮೆಣಸಿನಪುಡಿಯನ್ನೆಲ್ಲ ನವಣೆಗೆ ಬೆರೆಸಿ ಕಿಟಕಿಯಿಂದ ಹೊರಗೆ ಸುರಿದಳು. ಅಳಿಲುಗಳು ಮುಗಿಬಿದ್ದವು. ಮೊದಲು ಒಂದು ಸೀನಿತು, ಆಮೇಲೆ ಎಲ್ಲವೂ. ಒಂದೊಂದು ಸೀನಿಗೆ ಒಂದೊಂದು ದನಿ ಹಾರಿಹೋಯಿತು, ಅಳಿಲಿದ್ದಲ್ಲಿ ಕಾಣೆಯಾದವರು ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಬಾಗಿಲಲ್ಲಿದ್ದ ದೊಡ್ಡ ಅಳಿಲು ಕೊನೆಗೆ ಸೀನಿತು. ಅದು ಧೂಮಕೇಶನೇ. ಅವನಿಗೆ ಸ್ವಂತದ ದನಿಯಿರಲಿಲ್ಲ. ಕದ್ದದ್ದೆಲ್ಲ ಹೊರಟಮೇಲೆ ಹೊಸ್ತಿಲಲ್ಲಿ ಉಳಿದದ್ದು ಒಣಗಿದ ತೊಗಲು.

ಹಕ್ಕಿಗಳಿಗೆ ಖಾರ ಹತ್ತುವುದಿಲ್ಲ. ಗುಬ್ಬಿ ಕೆಂಪು ಕಾಳನ್ನು ಹೊಟ್ಟೆತುಂಬ ತಿಂದು, ಹೊನ್ನಿಯ ಕಡೆ ತಿರುಗಿ ಅವ್ವನ ದನಿಯಲ್ಲಿ ಅಂದಿತು. "ಇಷ್ಟು ದಿನ ಸಪ್ಪೆ ತಿನ್ನಿಸಿದೆಯಲ್ಲೇ, ಪುಣ್ಯಾತ್ಗಿತ್ತಿ."

ಹೊನ್ನಿ ಅಳುತ್ತಲೇ ನಕ್ಕಳು. ಅಂದಿನಿಂದ ಸಿರಿಗಂಧದ ಹಿತ್ತಲುಗಳಲ್ಲಿ ಖಾರದ ಕಾಳು ತೂಗಿತು, ಸತ್ತವರಿಂದ ದಿನಾ ಬೈಸಿಕೊಳ್ಳುತ್ತ ಬದುಕಿದ್ದವರೆಲ್ಲ ಸುಖವಾಗಿದ್ದರು.