ಆರು ರೋಬೋಟ್‌ಗಳ ಸುಳ್ಳು ನಡಿಗೆ

"ಛೀ! ಇವನ ಮುಖಕ್ಕಿಷ್ಟು ಬೆಂಕಿ ಹಾಕ!"

ತ್ರಿಪ್ಲಿಕೇನಿನ ಶಾಲೆಯ ಏಳನೇ ತರಗತಿಯ ಬಾಗಿಲಲ್ಲಿ ನಿಂತು ಗಣಿತದ ಟೀಚರ್ ಚೈತನ್ಯಾ ಕನ್ನಡದಲ್ಲೇ ಗೊಣಗಿದಳು. ಚೆನ್ನೈನಲ್ಲಿ ಯಾರಿಗೆ ಅರ್ಥವಾಗಬೇಕು!

ಪಾಠ ಶುರುವಾಗುವ ಮೊದಲೇ ಮಕ್ಕಳ ಕೈಗೆ ರೋಬೋಟ್ ಕೊಟ್ಟು ಫೋಟೋ ಹೊಡೆಯುತ್ತಿದ್ದವನು, ಬಡಮಕ್ಕಳಿಗೆ ಪುಕ್ಕಟೆ ರೋಬೋಟ್ ಕಲಿಸಲು ಬಂದ ಕಂಪನಿಯವನು, ತಿರುಗಿ ನಕ್ಕ.

"ಮುಖ ತೊಳ್ಕೊಂಡೇ ಬಂದಿದೀನಿ ಮೇಡಂ, ಬೆಂಕಿ ಆಮೇಲೆ ಹಾಕಿ. ನಾನು ಅಭಿಲಾಷ್, ದಾವಣಗೆರೆಯೋನು."

ಅವಳ ಕಿವಿ ಬಿಸಿಯಾಯಿತು...

ಆದರೆ ಅವನು ಕಲಿಸತೊಡಗಿದ ಮೇಲೆ ಆ ಅಸಹ್ಯ ಕರಗಿತು. ಒಂದು ಮಗು ಕಣ್ಣು ಕಟ್ಟಿಕೊಂಡು ರೋಬೋಟ್ ಆಗಬೇಕು, ಉಳಿದವರು ಹೆಜ್ಜೆ ಲೆಕ್ಕ ಹೇಳಿ ನಡೆಸಬೇಕು. ಆಮೇಲೆ ಅದನ್ನೇ ಕಂಪ್ಯೂಟರಿನಲ್ಲಿ ಪ್ರೋಗ್ರಾಂ ಆಗಿ ಬರೆಯಬೇಕು. ಎಡಚಕ್ರ ನಿಲ್ಲಿಸಿ ಬಲಚಕ್ರ ಓಡಿಸಿದರೆ ರೋಬೋಟ್ ಎಡಕ್ಕೆ ತಿರುಗುತ್ತದೆಂದು ಪುಟ್ಟ ಜ್ಯೋತಿ ತಾನೇ ಕಂಡುಹಿಡಿದ ದಿನ, ಅವಳಿಗಿಂತ ಜೋರಾಗಿ ಕುಣಿದವನು ಅವನೇ.

ಅಂದಿನಿಂದ ಚೈತನ್ಯಾಳ ಎದೆಯೂ ಸುಮ್ಮನಿರಲಿಲ್ಲ.

ಆರು ವಾರದ ನಂತರ ಪ್ರದರ್ಶನ. ಹಾರ, ಅತಿಥಿಗಳು, ಕ್ಯಾಮೆರಾ. ಕೊನೆಯ ಅಭ್ಯಾಸಕ್ಕೆಂದು ಬಟನ್ ಒತ್ತಿದರೆ ಆರೂ ರೋಬೋಟ್‌ಗಳು ಗೆರೆ ಎಳೆದಂತೆ ನೆಟ್ಟಗೆ ನಡೆದವು!

ಜ್ಯೋತಿಯ ಮುಖ ಬಿಳಿಚಿತು. "ಮಿಸ್, ಇದು ನಾನ್ ಎಳುದಿನದು ಇಲ್ಲೆ..."

ಅವಳು ಬರೆದದ್ದಲ್ಲ! ಮಕ್ಕಳದ್ದನ್ನೆಲ್ಲ ಅಳಿಸಿ ಯಾರೋ ತಮ್ಮದನ್ನು ತುಂಬಿದ್ದರು.

ಚೈತನ್ಯಾ ಅಭಿಲಾಷ್‌ನತ್ತ ತಿರುಗಿದಳು. "ನೀವಾ?"

"ಮ್ಯಾನೇಜರ್ ಹೇಳಿದ್ರು... ಮಕ್ಕಳದ್ದು ಸೊಟ್ಟ ಹೋಗುತ್ತೆ, ವಿಡಿಯೋ ಕೆಡುತ್ತೆ ಅಂತ. ಕೆಲಸ ಹೋಗುತ್ತೇನೋ ಅಂತ ಹೆದರಿ..."

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. 'ಇವರಿಗೆ ಬಡಮಕ್ಕಳ ಮುಖ ಬೇಕು, ತಲೆ ಬೇಡ! ಇಂಥವನ ಹೆಸರು ಫೋನಿನಲ್ಲಿ ಕಂಡರೆ ನಗುತ್ತಿದ್ದೆನಲ್ಲ ನಾನು... ಥೂ!'

"ನನ್ ಹತ್ರ ಯಾಕ್ರೀ ಹೇಳ್ತೀರಾ? ಅಲ್ಲಿ ಅಳ್ತಾ ನಿಂತಿದಾಳಲ್ಲ, ಅವಳ ಹತ್ರ ಹೇಳಿ!"

ಅವನು ತಲೆ ತಗ್ಗಿಸಿದ. ಅತಿಥಿಗಳು ಕುಳಿತಾದ ಮೇಲೆ ಮೈಕ್ ಹಿಡಿದು ನಿಂತ. ಎಲ್ಲರಿಗೂ ಅರ್ಥವಾಗಲೆಂದು ತಮಿಳಿನಲ್ಲೇ ಹೇಳಿದ: ಈ ಪ್ರೋಗ್ರಾಂ ತನ್ನದು, ಮಕ್ಕಳದ್ದನ್ನು ಅಳಿಸಿದವನು ತಾನೇ, ಜ್ಯೋತಿ ಕ್ಷಮಿಸಬೇಕು, ಹತ್ತು ನಿಮಿಷ ಕೊಟ್ಟರೆ ಅವರೇ ಮತ್ತೆ ಬರೆಯುತ್ತಾರೆ.

ಮ್ಯಾನೇಜರ್ ರವಿಶಂಕರ್ ಹತ್ತಿರ ಬಂದು ಹಲ್ಲು ಕಡಿದರು. "ನಾಳೆಯಿಂದ ಆಫೀಸ್ ಕಡೆ ತಲೆ ಹಾಕ್ಬೇಡ!"

ಮಕ್ಕಳು ಕಂಪ್ಯೂಟರುಗಳಿಗೆ ಮುಗಿಬಿದ್ದರು. ಹತ್ತು ನಿಮಿಷ ಇಪ್ಪತ್ತಾಯಿತು. ಒಬ್ಬ ಅತಿಥಿ ಎದ್ದೇ ಹೋದರು. ಎರಡು ರೋಬೋಟ್ ಅಲುಗಲಿಲ್ಲ, ಒಂದು ಕುರ್ಚಿಯ ಕಾಲಿಗೆ ಗುದ್ದಿತು. ಜ್ಯೋತಿಯದು ಓಲಾಡುತ್ತ ಮುಂದೆ ಹೋಗಿ, ನಿಂತು... ಎಡಕ್ಕೆ ತಿರುಗಿತು!

"ತಿರುಂಬಿರುಚ್ಚು!" ಮಕ್ಕಳ ಕೂಗಿಗೆ ಶಾಮಿಯಾನವೇ ನಡುಗಿತು.

ಗೇಟಿನ ಬಳಿ ಚೈತನ್ಯಾ ಅವನನ್ನು ತಡೆದಳು.

"ಕೆಲಸ ಹೋಯ್ತಾ?"

"ಹೋಯ್ತು. ನಿಮಗೆ ನನ್ನ ಕಂಡ್ರೆ ಇನ್ನೂ ಅಸಹ್ಯನಾ?"

"ನೀವು ಅಳಿಸಿದ್ದು ನೆನೆಸ್ಕೊಂಡ್ರೆ ಆಗುತ್ತೆ. ಇನ್ನೂ ಸ್ವಲ್ಪ ದಿನ ಆಗುತ್ತೆ."

"ಆಗ್ಲಿ... ಆದ್ರೂ ಹೇಳ್ಬಿಡ್ತೀನಿ. ನಿಮ್ಮನ್ನ ಪ್ರೀತಿಸ್ತೀನಿ, ಚೈತನ್ಯಾ."

ಅವಳ ಕಣ್ಣು ತುಂಬಿತು. ಸಿಟ್ಟು ಮಾತ್ರ ಪೂರ್ತಿ ಇಳಿದಿರಲಿಲ್ಲ.

"ನನ್ ಸಿಟ್ಟು ಇಳಿಯೋವರೆಗೂ ಮಾತಾಡಿಸ್ಬೇಡಿ."

"ಅಲ್ಲಿವರೆಗೂ ಎಲ್ಲಿಗೆ ಹೋಗ್ಲಿ?"

"ಎಲ್ಲಿಗೂ ಬೇಡ... ಇಲ್ಲೇ, ನನ್ನ ಕಣ್ಣೆದುರಿಗೇ ಇರಿ. ನಂಗೂ ನೀವು ಬೇಕು ಕಣ್ರೀ!"