ಮೊರದೊಳಗಿನ ಮಳೆ

"ಸುಳ್ಳು! ಎಡಗೈಲೆ ಹಿಡಿದಾನ!"

ಮಾಣಿಕಮ್ಮ ಇದನ್ನು ಪಕ್ಕದಲ್ಲಿ ಕೂತ ಗೆಳತಿ ಪೀರಬಿಯ ಕಿವಿಯಲ್ಲಿ ಹೇಳಬೇಕೆಂದಿದ್ದಳು. ಆದರೆ ಖುಷಿಯ ಭರದಲ್ಲಿ ಬಾಯಿಂದ ಹೊರಟದ್ದು ಇಡೀ ತಂಬುವಿಗೇ ಕೇಳಿಸಿತು.

ಆಳಂದದ ಸಂತೆ ಬಯಲಿಗೆ ಸಿನೇಮಾದ ತಂಬು ಬಂದು ಅಂದು ಮೊದಲ ಸಂಜೆ. ಮಾತಾಡುವ ಚಿತ್ರಗಳು ಹೈದರಾಬಾದಿಗೆ ಬಂದಿವೆಯಂತೆ ಎಂಬ ಸುದ್ದಿಯಷ್ಟೇ ಈ ಕಡೆಗೆ ಮುಟ್ಟಿತ್ತು. ಇಲ್ಲಿ ಓಡುತ್ತಿದ್ದುದು ಮೂಕ ಚಿತ್ರ. ಪರದೆಯ ಮಗ್ಗುಲಲ್ಲಿ ಒಬ್ಬ ನಿಂತು ರಾಜಕುಮಾರನಿಗೂ ಅವನು ಮೆಚ್ಚಿದ ಹೂವಾಡಗಿತ್ತಿಗೂ ಕುದುರೆಗೂ ತಾನೇ ಬಾಯಿಯಾಗುತ್ತಿದ್ದ. ಗಂಡಸರು ಪರದೆಯ ಮುಂದೆ, ಹೆಂಗಸರು ಪರದೆಯ ಹಿಂದೆ. ಬಟ್ಟೆಗೆ ನೀರೆರಚಿ ಒದ್ದೆ ಮಾಡಿದರೆ ಚಿತ್ರ ಹಿಂದಿನ ಕಡೆಗೂ ಮೂಡುತ್ತಿತ್ತು.

'ರಾಜಕುಮಾರ ಬಲಗೈಲೆ ಕತ್ತಿ ಹಿರಿದ!' ಎಂದು ಆ ಮನುಷ್ಯ ಕೂಗಿದ್ದೇ ತಡ, ಮಾಣಿಕಮ್ಮನ ಬಾಯಿ ಜಾರಿದ್ದು. ಅವಳ ಕಣ್ಣಿಗೆ ಕಂಡದ್ದು ಎಡಗೈ, ಅದರಲ್ಲಿ ಅನುಮಾನವೇ ಇಲ್ಲ.

ಆಚೆಯ ದನಿ ನಗುತ್ತಾ ಬಂತು. "ಆ ಕಡೀ ಕುಂತವ್ರ ಕಣ್ಣು ತಪ್ಪೋ, ನನ್ನ ಬಾಯಿ ತಪ್ಪೋ? ನಾಳಿ ಬಂದು ಹೇಳ್ರಿ ಅಕ್ಕಾವ್ರ!"

ತಂಬುವಿಗೆ ತಂಬುವೇ ನಕ್ಕಿತು. ಸೋದರತ್ತೆ ಸುಭದ್ರಾಬಾಯಿ ಮಾಣಿಕಮ್ಮನ ತೊಡೆ ಜಿಗುಟಿದಳು. "ಐತವಾರ ನಿನ್ನ ನೋಡಾಕ ಅಫಜಲಪುರದವ್ರು ಬರ್ತಾರ. ಅಲ್ಲೀತನಕರೆ ಬಾಯಿ ಹೊಲ್ಕೊಂಡು ಕುಂದರಬೇ!"

ತಂದೆ-ತಾಯಿ ಸರಸಂಬಾದಲ್ಲಿ ಹೊಲ ನೋಡಿಕೊಂಡಿದ್ದರು. ಮಾಣಿಕಮ್ಮ ಬೆಳೆದದ್ದು ಆಳಂದದಲ್ಲಿ, ಈ ಅತ್ತೆಯ ಮನೆಯಲ್ಲಿ. ಅತ್ತೆ ಹಾಕಿದ ಗೆರೆಯನ್ನು ಅಪ್ಪನೂ ದಾಟುವವನಲ್ಲ. ಅಫಜಲಪುರದ ಗಂಡು ತೊಗರಿ ವ್ಯಾಪಾರದವನು, ಭಾಳ ಗಂಭೀರ, ಮಾತು ಕಡಿಮೆ ಎಂದು ಹೇಳಿ ಕಳಿಸಿದ್ದರು. ಒಪ್ಪಿದರೆ ಐತವಾರವೇ ಎಲೆ-ಅಡಿಕೆ ಬದಲಿಸಿ ಮದುವೆ ಗಟ್ಟಿ. ತಂಬು ಊರು ಬಿಡುವುದೂ ಅದೇ ದಿನ. ಅದುವರೆಗೆ ಈ ಎರಡು ಸುದ್ದಿಗಳಿಗೆ ಒಂದಕ್ಕೊಂದು ಸಂಬಂಧವಿರಲಿಲ್ಲ.

ಆ ರಾತ್ರಿ ಅತ್ತೆ ಹಾಸಿಗೆ ಕೊಡವುತ್ತಾ ಮಾಣಿಕಮ್ಮನಿಗೆ ಅಂದಳು. "ಏನರೆ ಅನ್ನು, ಆ ಕಥಿ ಹೇಳೂ ಹುಡುಗನ ಬಾಯಾಗ ಬೆಲ್ಲ ಐತಿ. ನಿಮ್ಮ ಮಾವ ಬದುಕಿದ್ದಷ್ಟು ದಿನ ನನ್ನ ಸಂಗಟ ಆಡಿದ ಮಾತು ಕೂಡ್ಸಿದ್ರ ಒಂದು ಬೊಗಸಿ ತುಂಬಂಗಿಲ್ಲ."

ಮರುದಿನ ಮಧ್ಯಾಹ್ನ ಮಾಣಿಕಮ್ಮ, ಪೀರಬಿ, ಓಣಿಯ ಬಾಳಮ್ಮ, ಮೂವರೂ ಬಳೆ ತರುವ ನೆಪ ಹೂಡಿ ಸಂತೆ ಬಯಲಿಗೆ ನಡೆದರು. ತಂಬುವಿನ ಸೆರಗೆತ್ತಿ ಹಿಂದಿನಿಂದ ನುಸುಳಿದರೆ, ಪರದೆಯ ಕೆಳ ಅಂಚಿನಲ್ಲಿ ಏನೋ ಬರೆದಿತ್ತು. ಮಾಣಿಕಮ್ಮ ಓದಲು ಹೋದಳು. ಒಂದಕ್ಷರವೂ ಹತ್ತಲಿಲ್ಲ. ಪರದೆ ಸುತ್ತಿ ಮುಂದಕ್ಕೆ ಬಂದು ನೋಡಿದರೆ ಕಂಪನಿಯ ಹೆಸರು, ದುಂಡಗೆ, ಚಂದಗೆ!

"ಅಯ್ಯ ಶಿವನ! ನಾವು ನೋಡಿದ್ದೆಲ್ಲಾ ತಿರುವುಮುರುವು ಐತಿ ಬೇ! ಅಂವಾ ಎಡಚ ಅಲ್ಲ, ನಾವು ಹಿಂದ ಕುಂತಿದ್ವಿ!"

ಮೂವರೂ ಹೊಟ್ಟೆ ಹಿಡಿದು ನಕ್ಕರು. ಆಗ ಕಂಡದ್ದು, ಮೂಲೆಯಲ್ಲಿ ಕೂತ ಒಬ್ಬ ಸಣಕಲು ಹುಡುಗ. ತಲೆಗೆ ಸಡಿಲ ರುಮಾಲು, ತೊಡೆಯ ಮೇಲೆ ಮೊರ. ಮೊರದಲ್ಲಿ ತೊಗರಿ.

ಬಾಳಮ್ಮ ಸುಮ್ಮನಿರುವವಳೇ? "ಏನ್ರಿ, ಹೆಂಗಸರಗತೆ ತೊಗರಿ ಹಸನ ಮಾಡಾಕತ್ತೀರಿ? ಮನ್ಯಾಗ ಯಾರೂ ಇಲ್ಲೇನ್ರಿ?"

"ತೊಗರಿ ಅಲ್ರೀ ಅಕ್ಕಾವ್ರ," ಎಂದು ಅವನು ಮೊರ ಅಲುಗಿಸಿದ. "ಇದು ಮಳಿ."

ಅದೇ ದನಿ! ರಾಜಕುಮಾರ, ರಾಜಕುಮಾರನ ಮುದಿ ತಾಯಿ, ಹೂವಾಡಗಿತ್ತಿ, ಎಲ್ಲರೂ ಈ ಒಂದು ಗೇಣು ಎದೆಯೊಳಗೆ ಇದ್ದರೇ? ಪಕ್ಕದಲ್ಲಿ ಎರಡು ತೆಂಗಿನ ಚಿಪ್ಪು ಬಿದ್ದಿದ್ದವು. ಪೀರಬಿ ಅವನ್ನು ಎತ್ತಿ ಟಕಟಕ ಬಡಿದು ಕಣ್ಣರಳಿಸಿದಳು. "ಹಾಯ್ ಅಲ್ಲಾ, ಕುದುರಿ ಇಲ್ಲೇ ಬಿದ್ದೈತಿ!"

ಮಾಣಿಕಮ್ಮ ನಗಲಿಲ್ಲ. ಮೊರದ ಸದ್ದಿಗೇ ಕಿವಿಗೊಟ್ಟಿದ್ದಳು. "ಇದು ಮಳಿ ಅಲ್ರಿ. ಆಲಿಕಲ್ಲು. ಹೂವಾಡಗಿತ್ತಿ ನೆನೆಯೂ ಮಳಿ ಹಿಂಗ ಬಡೀತದೇನ್ರಿ? ಜ್ವಾಳ ಹಾಕ್ರಿ. ಹಿಂಗ ಹಗೂರಕ ಆಡಸ್ರಿ."

ಅವನ ಕೈ ನಿಂತಿತು. ತಲೆ ನಿಧಾನಕ್ಕೆ ಮೇಲೆದ್ದಿತು.

"ಎಡಗೈ ಅಂದವ್ರು ನೀವೇ ಹೌದಲ್ರಿ?"

"ಕಣ್ಣು ತಪ್ಪಿಲ್ರಿ, ಬಾಯೂ ತಪ್ಪಿಲ್ಲ," ಅಂದಳು ಮಾಣಿಕಮ್ಮ. "ನಡುವ ಪರದೇದ ಅರಿವಿ ಇತ್ತು."

ಅವನು ನಕ್ಕ. ನಕ್ಕಾಗ ಒಂದೇ ಕೆನ್ನೆಯಲ್ಲಿ ಗುಳಿ ಬಿತ್ತು. ಅದು ಎಡವೋ ಬಲವೋ, ಎದುರಿಗೇ ನಿಂತಿದ್ದರೂ ಮಾಣಿಕಮ್ಮನಿಗೆ ಆಮೇಲೆ ನೆನಪಾಗಲಿಲ್ಲ. ಹೆಸರು ದತ್ತಪ್ಪ, ಊರು ಜೇವರ್ಗಿ. ಇಷ್ಟನ್ನು ಬಾಳಮ್ಮ ಕೇಳಿ ತೆಗೆದಳು.

ಆ ಸಂಜೆ ಹೂವಾಡಗಿತ್ತಿಯ ಮೇಲೆ ಜೋಳದ ಮಳೆ ಸುರಿಯಿತು. ಜಿಟಿಜಿಟಿ, ಜಿಟಿಜಿಟಿ. ಅತ್ತೆ ಸೆರಗನ್ನು ತಲೆಯ ಮೇಲೆಳೆದುಕೊಂಡಳು. ಪರದೆಯಾಚೆಯಿಂದ ದತ್ತಪ್ಪ ಹೇಳಿದ. "ಈ ಮಳಿ ಎಲ್ಲಿಂದ ಬಂತು ಅಂತ ರಾಜಕುಮಾರಗ ಗೊತ್ತಿಲ್ಲ. ಆದ್ರ ಯಾರು ಕಳಿಸ್ಯಾರ, ಅದು ಗೊತ್ತೈತಿ." ಗಂಡಸರು ಸಿಳ್ಳೆ ಹೊಡೆದರು. ಕತ್ತಲಲ್ಲಿ ಪೀರಬಿಯ ಮೊಣಕೈ ಮಾಣಿಕಮ್ಮನ ಪಕ್ಕೆಗೆ ನಾಟಿತು.

ವಾರವೆಲ್ಲ ಅದೇ ಚಿತ್ರ. ಆದರೂ ಜನ ಮುಗಿಬಿದ್ದು ಬಂದರು, ಮಾತು ಮಾತ್ರ ದಿನಾ ಹೊಸದು! ಅತ್ತೆಯಂತೂ ಹಾಲು ಕಾಯಿಸುವುದನ್ನೂ ಮರೆತು ಎಲ್ಲರಿಗಿಂತ ಮೊದಲು ಚಾಪೆ ಹಾಸುತ್ತಿದ್ದಳು.

ಬೇಸ್ತವಾರ ಮೂವರೂ ಎಡೆಗೆಂದು ಮಾಲಿದಿಯ ಸಿಹಿ ಕಟ್ಟಿಕೊಂಡು ದರ್ಗಾಕ್ಕೆ ಹೋದರು. ಕವ್ವಾಲಿಯ ಗುಂಪಿನಾಚೆ ದತ್ತಪ್ಪ ನಿಂತಿದ್ದ. ಎಲ್ಲರೂ ಹಾಡುವವನನ್ನು ನೋಡುತ್ತಿದ್ದರೆ ಇವನ ಕಣ್ಣು ಮಾತ್ರ ಈ ಕಡೆಗೆ. ಮಾಣಿಕಮ್ಮ ಲೋಬಾನದ ಹೊಗೆಯ ಕಡೆ ನೋಡಿದಳು, ಕಂಬದ ಕಡೆ ನೋಡಿದಳು, ಪೀರಬಿಯ ಚಪ್ಪಲಿಯ ಕಡೆ ನೋಡಿದಳು. ಕಡೆಗೆ ನೋಡಲು ಬೇರೇನೂ ಉಳಿಯದೆ ಅವನನ್ನೇ ನೋಡಿದಳು.

ಪೀರಬಿ ಅವನ ಕೈಗೂ ಮಾಲಿದಿ ಹಾಕಿದಳು. ಬಾಳಮ್ಮ, ಕೇಳದಿದ್ದರೂ, ಸುದ್ದಿ ಹಾಕಿದಳು. "ಐತವಾರ ನಮ್ಮ ಮಾಣಿಕವ್ವನ ನೋಡಾಕ ಅಫಜಲಪುರದವ್ರು ಬರಾಕತ್ತಾರ್ರಿ. ಪೇಢೆ ಕೊಡ್ತೇವಿ, ಬರ್ರಿ ಮತ್ತ!"

ಬಾಯಿಗೆ ಹೋಗುತ್ತಿದ್ದ ಮಾಲಿದಿ ಅವನ ಕೈಯಲ್ಲೇ ಉಳಿಯಿತು. "ಐತವಾರ ನಮ್ಮ ಗಾಡಿ ಹೋಗ್ತಾವ್ರಿ," ಅಂದ. ಇಡೀ ಊರನ್ನು ಮಾತಿನಲ್ಲೇ ಕಟ್ಟಿಹಾಕಿದವನಿಗೆ ಇನ್ನೊಂದು ಮಾತೂ ಹುಟ್ಟಲಿಲ್ಲವಲ್ಲ ಎಂದು ಮಾಣಿಕಮ್ಮ ದಾರಿಯುದ್ದಕ್ಕೂ ಸಿಡಿಮಿಡಿಗೊಂಡಳು. ಮನೆಗೆ ಬಂದ ಮೇಲೆ ಹೊಳೆಯಿತು: ತನಗಾದರೂ ಎಲ್ಲಿ ಹುಟ್ಟಿತ್ತು?

ಸನಿವಾರ ಕೊನೆಯ ಆಟ. ಚಿತ್ರ ಅರ್ಧಕ್ಕೆ ಬಂದಾಗ ದತ್ತಪ್ಪನ ಗಂಟಲು ಕಟ್ಟಿತು. ಮೊದಲು ಬಿರುಕು, ಆಮೇಲೆ ಗೊರಗೊರ, ಆಮೇಲೆ ಏನೂ ಇಲ್ಲ. ಪರದೆಯ ಮೇಲೆ ಹೂವಾಡಗಿತ್ತಿ ತುಟಿ ಅಲುಗಿಸುತ್ತಿದ್ದಾಳೆ, ಮಾತು ಕೊಡುವವರಿಲ್ಲ. ಗಂಡಸರು ಗದ್ದಲ ಎಬ್ಬಿಸಿದರು. ಹಾಗಾದರೆ ಇದು ಇಷ್ಟಕ್ಕೇ ಮುಗಿಯಿತೇ? ನಾಳೆ ಗಾಡಿ ಕಟ್ಟುತ್ತಾರೆ, ನಾಳೆ ಎಲೆ-ಅಡಿಕೆ.

"ರಾಜಕುಮಾರರೇ!"

ದನಿ ಪರದೆಯ ಹಿಂದಿನಿಂದ, ಹೆಂಗಸರ ಕಡೆಯಿಂದ ಬಂತು. ಗದ್ದಲ ನಿಂತುಹೋಯಿತು.

"ನಾಳಿ ನಿಮ್ಮ ಗಾಡಿ ಹೊಂಟಾವು. ನಾಳಿ ನನ್ನ ನೋಡಾಕ ಬರ್ತಾರ. ಇಷ್ಟು ದಿನ ಊರ ಮಂದಿಗೆಲ್ಲಾ ಮಾತು ಹಂಚಿದ್ರಿ. ನನ್ನ ಪಾಲಿಂದು ಒಂದು ಮಾತು ಉಳಿದಿಲ್ಲೇನ್ರಿ?"

ಪರದೆಯ ಮೇಲಿನ ಹೂವಾಡಗಿತ್ತಿಯ ತುಟಿ ಯಾವಾಗಲೋ ಮುಚ್ಚಿತ್ತು. ಅದನ್ನು ನೋಡುವವರಾರು? ಬಟ್ಟೆಯ ಆಚೆ, ಗೇಣು ದೂರದಲ್ಲಿ, ಒಡಕು ದನಿ ಕೆರೆಯಿತು.

"ಉಳದೈತ್ರಿ. ಆದ್ರ... ಕೇಳೋದು ಯಾರನ್ನ?"

"ನಮ್ಮತ್ತೀನ್ನ ಕೇಳ್ರಿ!"

ಅಂದುಬಿಟ್ಟ ಮಾಣಿಕಮ್ಮ ಅತ್ತೆಯ ಕಡೆ ತಿರುಗಿದಳು. ಪೀರಬಿ ಅವಳ ಕೈ ಹಿಡಿದಳು. ಸುಭದ್ರಾಬಾಯಿ ಎದ್ದಳು. ಸೀರೆ ಕೊಡವಿದಳು. ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನಿಂತಳು.

"ಯಾವೂರಲೇ ನಿಂದು? ಯಾರ ಮಗ?"

"ಜೇವರ್ಗಿ ರೀ. ಪೀರಪ್ಪನ ಮಗ ರೀ."

"ಯಾವ ಪೀರಪ್ಪ? ನಮ್ಮ ಭಾಗಮ್ಮನ ಮೈದುನ?"

"ಹೌದ್ರಿ. ಭಾಗಮ್ಮ ನನ್ನ ದೊಡ್ಡವ್ವರಿ."

"ಅಯ್ಯ, ನಮ್ಮ ಪೈಕಿನೇ ಆದ್ಯಲ್ಲೋ!" ಹೆಂಗಸರ ಕಡೆ ಗುಸುಗುಸು ಎದ್ದಿತು. ಅತ್ತೆ ದನಿ ಗಟ್ಟಿ ಮಾಡಿದಳು. "ಇರ್ಲಿ. ಮಾತಾಡೂ ಸಿನೇಮಾ ಈ ಕಡೀಗೂ ಬಂದ್ರ ನಿನ್ನ ಯಾರು ಕೇಳ್ತಾರ? ಆವಾಗ ಏನು ಮಾಡ್ತೀ?"

ದತ್ತಪ್ಪ ಇದ್ದಬದ್ದ ದನಿಯನ್ನೆಲ್ಲ ಹಿಂಡಿ ಅಂದ, "ಹೊಲದಾಗ ದುಡೀತೇನ್ರಿ. ಮನ್ಯಾಗ ಮಾತಾಡ್ತೇನ್ರಿ."

ಆ ಮಂದ ಬೆಳಕಿನಲ್ಲಿ ಅತ್ತೆಯ ಮುಖ ಹೇಗಾಯಿತೆಂದು ಮಾಣಿಕಮ್ಮ ಒಬ್ಬಳೇ ಕಂಡಳು. ಬೊಗಸೆ ತುಂಬದ ಮಾತಿನಲ್ಲಿ ಜನ್ಮ ಕಳೆದವಳ ಮುಖ ಅದು.

ಆಚೆಯಿಂದ ಮಳೆ ಶುರುವಾಯಿತು. ದನಿ ಪೂರ್ತಿ ಸತ್ತವನು ಮೊರ ಎತ್ತಿಕೊಂಡಿದ್ದ. ಜೋಳ, ಹಗೂರಕ, ಜಿಟಿಜಿಟಿ.

"ಸಾಕಲೇ, ಬರೇ ಮಳಿ ಸುರಿಸಿದ್ರ ಹ್ಯಾಂಗ?" ಅಂದಳು ಸುಭದ್ರಾಬಾಯಿ. "ನಾಳಿ ಮುಂಜಾನೆ ಮನಿಗೆ ಬಾ. ಅಫಜಲಪುರದವ್ರಕಿಂತ ಮೊದಲ ಬಾ. ಅವ್ರಿಗೆ ಏನು ಹೇಳೋದು, ಅದು ನನಗ ಬಿಡು."

ತಂಬು ಸಿಡಿದೆದ್ದಿತು. ರುಮಾಲುಗಳು ಹಾರಿದವು. ಪೀರಬಿ ಮಾಣಿಕಮ್ಮನನ್ನು ತಬ್ಬಿ ಕುಣಿದಳು. ರಾಜಕುಮಾರನಿಗೂ ಹೂವಾಡಗಿತ್ತಿಗೂ ಕೊನೆಗೆ ಏನಾಯಿತೆಂದು ಆ ಸಂಜೆ ಯಾರೂ ನೋಡಲಿಲ್ಲ. ರೀಲು ಮುಗಿದು ಪರದೆ ಬೆಳ್ಳಗಾಯಿತು.

ಆ ಬೆಳ್ಳನೆಯ ಬೆಳಕಿಗೆ ಅಡ್ಡವಾಗಿ ಒಂದು ನೆರಳು ಬಂದು ನಿಂತಿತು. ಸಡಿಲ ರುಮಾಲು, ಸಣಕಲು ಹೆಗಲು, ಜೋಡಿಸಿದ ಎರಡು ಕೈ.

ಎಡ ಯಾವುದು, ಬಲ ಯಾವುದು ಎಂದು ಜಗಳ ತೆಗೆಯಲು ಅಲ್ಲಿ ಜಾಗವೇ ಇರಲಿಲ್ಲ. ಪರದೆಯ ಈ ಕಡೆಯಲ್ಲಿ ಮಾಣಿಕಮ್ಮನೂ ಎರಡು ಕೈ ಜೋಡಿಸಿದಳು.