ಬಳುವಳಿಯ ದೋಣಿ

"ಇಷ್ಟೊಂದು ಹಗ್ಗ ದೋಣಿಗೋ, ಹಗ್ಗ ಕಿತ್ಕೊಂಡು ಓಡೋ ಎಮ್ಮೆಗೋ?" ಶ್ಯಾಮಲ ಬಾಗಿಲಲ್ಲಿ ನಿಂತು ಕೇಳಿದಳು.

ಮುನೀಂದ್ರ ತಲೆ ಎತ್ತಲಿಲ್ಲ. "ಕಾರಿಗೆ ಬ್ರೇಕ್ ಆಕಿದ್ರೆ ಎಮ್ಮೆ ತಾನೂ ನಿಲ್ತದೆ. ದೋಣಿ ನಿಲ್ಲಲ್ಲ, ಮುಂದಕ್ಕೆ ಓಗ್ತದೆ."

"ಅಂಗಾದ್ರೆ ಎಮ್ಮೆನೇ ವಾಸಿ."

ಅವನು ನಕ್ಕ. ನಕ್ಕದ್ದಕ್ಕೆ ತಾನೇ ನಾಚಿಕೊಂಡು ಮತ್ತೆ ಹಗ್ಗಕ್ಕೆ ಕೈ ಹಾಕಿದ.

ಊರಿಗಾಂ ಗಣಿ ಕಾರ್ಮಿಕರ ಲೈನಿನಲ್ಲಿ ಶ್ಯಾಮಲಳ ಮನೆಯ ಮುಂದೆ ಅವನ ಬಾಡಿಗೆ ಕಾರು ನಿಂತಿತ್ತು. ಕ್ಯಾರಿಯರ್ ಮೇಲೆ ಗೋಣಿಚೀಲಗಳ ಮೆತ್ತೆ, ಅದರ ಮೇಲೆ ಎಂಟಡಿ ಉದ್ದದ ಮರದ ದೋಣಿ ಬೋರಲಾಗಿ ಮಲಗಿತ್ತು. ನಡುವೆ ಎರಡು ಹಗ್ಗ ಬಿಗಿದಿದ್ದ. ಮೂತಿಯಿಂದ ಮುಂದಿನ ಬಂಪರಿಗೆ ಒಂದು, ಹಿಂದಕ್ಕೊಂದು. ಹಿಂದೆ ಚಾಚಿದ ತುದಿಗೆ ಕೆಂಪು ಬಟ್ಟೆಯ ಚೂರು.

ದೋಣಿ ಮಾಡಿದವನು ಶ್ಯಾಮಲಳ ತಂದೆ ಕೋದಂಡಪ್ಪ. ಗಣಿಯ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದವನು. ಬೂದಿಕೋಟೆಯ ತಂಗಿಯ ಮಗ ಸುಧಾಕರ್ ಕೆರೆಯಲ್ಲಿ ಮೀನು ಹಿಡಿಯುತ್ತಿದ್ದ. ಮಗಳನ್ನು ಅವನಿಗೇ ಕೊಡುತ್ತೇನೆಂದು ತಂಗಿಗೆ ಮಾತು ಕೊಟ್ಟು, ಬಳುವಳಿಗೆಂದು ಕೋದಂಡಪ್ಪ ಈ ದೋಣಿ ಕಟ್ಟಿದ. ಕೊನೆಯ ಹಲಗೆಗೆ ಡಾಂಬರು ಬಳಿದ ವಾರದಲ್ಲೇ ತೀರಿಕೊಂಡ.

ತಂದೆ ಹೋದ ವರ್ಷದೊಳಗೆ ಮಗಳ ಮದುವೆಯಾಗಬೇಕು. ತಪ್ಪಿದರೆ ಮೂರು ವರ್ಷ ಕಾಯಬೇಕು. ಹಾಗೆಂದು ಹಿರಿಯರು ಕೂತು ತೀರ್ಮಾನಿಸಿದರು. ಮದುವೆಗೆ ಇನ್ನು ಒಂಬತ್ತೇ ದಿನ. ಬಳುವಳಿ ಮುಂಚೆಯೇ ಗಂಡಿನ ಮನೆ ಸೇರಬೇಕು. ಅದೇ ಲೈನಿನ ಮೂರನೆಯ ಮನೆಯ ಮುನೀಂದ್ರನನ್ನು ಶ್ಯಾಮಲಳ ತಾಯಿ ಕದಿರಮ್ಮ ಕರೆದು, "ನೀನೇ ತಗೊಂಡೋಗು ನಾಯನಾ, ಬೇರೆಯವರ ಮೇಲೆ ನಂಬಿಕೆಯಿಲ್ಲ" ಎಂದಿದ್ದಳು. ಅವನಿಗೆ ಇಲ್ಲವೆನ್ನಲು ಆಗಲಿಲ್ಲ.

ಕಾಫಿ ಕುಡಿದು ಹೊರಟರು. ಕದಿರಮ್ಮ ಅರಿಸಿನ ಕುಂಕುಮದ ತಟ್ಟೆ ಹಿಡಿದು ಮುಂದೆ ಕೂತಳು. ರವಿಕೆ ತರಲು ಬಂಗಾರಪೇಟೆಯಲ್ಲಿ ಇಳಿಯಬೇಕಾಗಿದ್ದ ಶ್ಯಾಮಲ ಹಿಂದಿನ ಸೀಟಿನಲ್ಲಿ. ಕನ್ನಡಿಯಲ್ಲಿ ಅವಳ ಕಣ್ಣು ಎರಡು ಸಲ ಸಿಕ್ಕಿತು. ಎರಡು ಸಲವೂ ಮೊದಲು ಬೇರೆ ಕಡೆ ನೋಡಿದವನು ಅವನೇ.

ಊರು ದಾಟಿದ ಮೇಲೆ ಗಾಳಿ ಜೋರಾಯಿತು. ಮುಂದಿನ ಗಾಜಿನ ಮೇಲೆ ಹಗ್ಗ ಪಟಪಟನೆ ಬಡಿಯತೊಡಗಿತು. ಬಿಗಿದ ಹಗ್ಗ ಹಾಗೆ ಬಡಿಯುವುದಿಲ್ಲ. ದೋಣಿಯ ಮೂತಿ ಮೆಲ್ಲಗೆ ಏಳುತ್ತ ಇಳಿಯುತ್ತ ಇತ್ತು. ಮುನೀಂದ್ರ ವೇಗ ತಗ್ಗಿಸಿ, ರಸ್ತೆ ಬದಿಯ ಮುನೇಶ್ವರನ ಗುಡಿಯ ಹತ್ತಿರ ಕಾರು ನಿಲ್ಲಿಸಿದ. ಹಿಂದೆಯೇ ಬರುತ್ತಿದ್ದ ಗಂಡ ಹೆಂಡತಿಯ ಸ್ಕೂಟರೊಂದು ಪಕ್ಕದಿಂದ ಮುಂದೆ ಹೋಯಿತು.

"ಒಳ್ಳೇದಾಯ್ತು, ಸ್ವಾಮಿಗೆ ಕರ್ಪೂರ ಹಚ್ಚಿ ಬತ್ತೀನಿ" ಎಂದು ಕದಿರಮ್ಮ ಇಳಿದು ಗುಡಿಯತ್ತ ನಡೆದಳು.

ಮುನೀಂದ್ರ ಬಂಪರಿನ ಬಳಿ ಕುಕ್ಕರಗಾಲಲ್ಲಿ ಕೂತು ಗಂಟು ನೋಡಿದ. ಅದು ಅವನು ಹಾಕಿದ ಗಂಟಾಗಿರಲಿಲ್ಲ. ರಿಬ್ಬನ್ನಿಗೆ ಹಾಕುವಂಥ ಜೀರುಗಂಟು. ಅದೂ ಅರ್ಧ ಬಿಚ್ಚಿತ್ತು.

"ನಾನೇ" ಎಂದಳು ಶ್ಯಾಮಲ. ಅವಳು ಇಳಿದು ಬಂದು ಬಾನೆಟ್ಟಿಗೆ ಒರಗಿ ನಿಂತಿದ್ದಳು. "ನೀನು ಕಾಫಿ ಕುಡೀತಿದ್ದಾಗ."

"ಯಾಕೆ?"

"ಬಳುವಳಿ ದಾರೀಲಿ ಬಿದ್ದು ಒಡೆದ್ರೆ ಅತ್ತೆ ಈ ಸಂಬಂಧ ಒಪ್ಪಲ್ಲ. ಶಕುನ ಅಂದ್ರೆ ಅವರಿಗೆ ಪ್ರಾಣ. ಅಪ್ಪನ ಮಾತು ಅಮ್ಮ ಮುರಿಯಲ್ಲ, ನಾನೂ ಮುರಿಯಲ್ಲ. ಅತ್ತೆನೇ ಬೇಡ ಅಂದ್ರೆ ಯಾರ ಮಾತೂ ತಪ್ಪಲ್ಲ."



"ನೀನು ಯಾಕೆ ಬಂದು ಕೇಳಲಿಲ್ಲ?" ಎಂದಳು ಅವಳು. ದನಿಯಲ್ಲಿ ಕೋಪವಿರಲಿಲ್ಲ. "ಒಂದು ವರ್ಷ ದಿನಾ ನೀರು ಇಡಿಯೋವಾಗ ನನ್ನ ಬಿಂದಿಗೆ ಎತ್ತಿ ಕೊಟ್ಟೆ. ಬಾಯಲ್ಲಿ ಏನಿತ್ತು, ಕಡಲೆಬೀಜವಾ?"

"ನಮ್ಮಮ್ಮ ಓಗಿ ವರ್ಷ ತುಂಬಿರಲಿಲ್ಲ. ಅಂಥ ಮನೇಲಿ ಮದುವೆ ಮಾತು ಎತ್ತಬಾರದು ಅಂತ ಕಾದೆ. ವರ್ಷದ ತಿಥಿ ಮುಗಿಸಿ ಬಂದು ಕೇಳೋಣ ಅಂತ."

"ಯಾವತ್ತು ಮುಗೀತು?"

"ಮಂಗಳವಾರ."

"ಅಪ್ಪ ಅತ್ತೆಗೆ ಮಾತು ಕೊಟ್ಟಿದ್ದು ಅದಕ್ಕೆ ಮುಂಚಿನ ಭಾನುವಾರ." ಅವಳು ಸ್ವಲ್ಪ ನಕ್ಕಳು. "ಎರಡು ದಿನಕ್ಕೆ ನಿಮ್ಮಮ್ಮ ಬೇಜಾರು ಮಾಡ್ಕೊತಿದ್ರಾ?"

ತಾಯಿಗೆ ತಪ್ಪದೆ ನಡೆದೆನೆಂದು ವರ್ಷವಿಡೀ ಅವನಿಗೆ ಸಮಾಧಾನವಿತ್ತು. ಆ ಸಮಾಧಾನ ಈಗ ಎದೆಯೊಳಗೆ ಮುಳ್ಳಾಯಿತು. ದೇವರು ತನ್ನ ಭಕ್ತಿಯನ್ನು ಒಪ್ಪಿಕೊಂಡು, ಅದಕ್ಕೆ ಬೆಲೆಯಾಗಿ ಇವಳನ್ನು ಕಿತ್ತುಕೊಂಡನೇ ಎಂದು ಅವನು ಗುಡಿಯತ್ತ ನೋಡಿದ. ಅಲ್ಲಿ ಕದಿರಮ್ಮ ಸೆರಗು ಹೊದ್ದು, ಕಣ್ಣು ಮುಚ್ಚಿ, ಮಗಳ ಒಳಿತಿಗಾಗಿ ಬೇಡಿಕೊಳ್ಳುತ್ತಿದ್ದಳು.

"ಇನ್ನೂ ಸ್ವಲ್ಪ ಜೋರಾಗಿ ಓಡ್ಸು, ಸಾಕು" ಎಂದಳು ಶ್ಯಾಮಲ. "ಇಲ್ಲ ಅಂದ್ರೆ ಕಟ್ಟು. ನಾನು ಬೇರೇನೂ ಅನ್ನಲ್ಲ."

"ಕಾರಿನ ಇಂದೆ ಸ್ಕೂಟರಿತ್ತು, ನೋಡಿದ್ಯಾ? ದೋಣಿ ಹಾರಿದ್ರೆ ಅವರ ಮೇಲೇ ಬೀಳ್ತಿತ್ತು."

ಅದನ್ನು ಅವಳು ಯೋಚಿಸಿರಲಿಲ್ಲ. ಸ್ಕೂಟರ್ ಹೋದ ದಿಕ್ಕಿಗೆ ನೋಡಿದಳು.

"ರಸ್ತೇಲಿ ಯಾರೂ ಇಲ್ದಿರೋವಾಗ?" ಎಂದಳು ಕೊನೆಗೆ, ತೀರ ಮೆಲ್ಲಗೆ.

"ನಾನೇ ಬೀಳಿಸಿ, ದೇವರು ಬೀಳಿಸಿದ ಅಂತ ನಿಮ್ಮಮ್ಮನಿಗೆ ಎಂಗೆ ಏಳ್ಲಿ ಶ್ಯಾಮಲ? ಆಮೇಲೆ ನಿನ್ನ ಮುಖ ಎಂಗೆ ನೋಡ್ಲಿ? ನೀನಂದ್ರೆ ನಂಗೆ..." ಅವನು ಹಗ್ಗದ ಮೇಲೆ ಕಣ್ಣಿಟ್ಟ. "ನಿನ್ನ ಬಿಟ್ಟು ಯಾರನ್ನೂ ನೆನೆದವನಲ್ಲ ನಾನು."

"ಇದನ್ನ ಈಗ ಏಳ್ತೀಯಲ್ಲ" ಎಂದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲಿಲ್ಲ.

ಅವನು ಜೀರುಗಂಟು ಬಿಚ್ಚಿದ. ಹಗ್ಗವನ್ನು ಜಗ್ಗಿ ಬಂಪರಿನ ಕೊಕ್ಕೆಗೆ ಸುತ್ತಿದ. ಬಿಗಿ ಸಡಿಲಾಗದಂತೆ ಗಂಟಿನ ಮೇಲೆ ಇನ್ನೊಬ್ಬರು ಬೆರಳಿಡಬೇಕು. ಅವನು ಕೇಳುವ ಮೊದಲೇ ಅವಳು ಬಗ್ಗಿ ಬೆರಳಿಟ್ಟಳು. ಅವನು ಎಳೆದ. ಗಂಟು ಅವಳ ಬೆರಳಿನ ಮೇಲೆ ಬಿಗಿಯಿತು. ಅವಳು ತೆಗೆಯಲಿಲ್ಲ. ಅವನೂ ಎಳೆಯುವುದನ್ನು ನಿಲ್ಲಿಸಿದ. ಬಿಸಿಲಿಗೆ ಡಾಂಬರಿನ ವಾಸನೆ ಮೇಲೇಳುತ್ತಿತ್ತು.

"ತೆಗಿ" ಎಂದ.

"ನೀನೇ ತೆಗೆಸು."

ಅವನು ಅವಳ ಬೆರಳು ಹಿಡಿದು ಮೆಲ್ಲಗೆ ಬಿಡಿಸಿದ. ಬೆರಳಿನ ಮೇಲೆ ಹಗ್ಗದ ಹುರಿಯ ಗುರುತು ಕೆಂಪಗೆ ಮೂಡಿತ್ತು. ಅದನ್ನು ಒಮ್ಮೆ ನೋಡಿ, ಗಂಟನ್ನು ಪೂರ್ತಿ ಬಿಗಿದ.

ಕದಿರಮ್ಮ ಬಂದು ಇಬ್ಬರ ಹಣೆಗೂ ವಿಭೂತಿ ಇಟ್ಟಳು.

ಬಂಗಾರಪೇಟೆಯಲ್ಲಿ ಟೈಲರ್ ಅಂಗಡಿಯ ಮುಂದೆ ಶ್ಯಾಮಲ ಇಳಿದಳು. "ನಿಧಾನಕ್ಕೆ ಓಗು" ಎಂದಷ್ಟೇ ಹೇಳಿ, ಜನದ ನಡುವೆ ನಡೆದುಹೋದಳು.

"ಮೇಲೆ ಅಲುಗಾಡ್ತಿತ್ತಲ್ಲ, ಇನ್ನೇನೂ ಆಗಲ್ಲ ತಾನೇ?" ಎಂದು ಕದಿರಮ್ಮ ಕೇಳಿದಳು.

"ಆಗಲ್ಲಮ್ಮ."

"ನೀನು ಕಟ್ಟಿದ್ಮೇಲೆ ನಂಗೆ ಭಯವಿಲ್ಲ ನಾಯನಾ."

ಮುನೀಂದ್ರ ಗೇರು ಹಾಕಿದ. ಬೂದಿಕೋಟೆಯವರೆಗೂ ದೋಣಿ ಅಲುಗಲಿಲ್ಲ.